ಕೊಡಗಿನ ಮಳೆಗೆ ಒಗ್ಗುವ ಕ್ಯಾಬಿನೆಟ್

ಗೇಮಿಂಗ್ ಕಂಪ್ಯೂಟರ್ ಜೋಡಿಸುವವರು ಎಲ್ಲ ಕೊಂಡಾದ ಮೇಲೆ ಉಳಿದ ಹಣಕ್ಕೆ ತರುವ ಪೆಟ್ಟಿಗೆಯೇ ಉಳಿದ ಭಾಗಗಳ ಆಯುಸ್ಸನ್ನು ಕಾಯುತ್ತದೆ. ತೇವ, ಹುಳು, ದೂಳು, ಘಟ್ಟದ ರಸ್ತೆ ನಾಲ್ಕೂ ಕೂಡಿರುವ ಕೊಡಗಿನಲ್ಲಿ ಅದನ್ನು ಆರಿಸುವುದು ಹೇಗೆ?

ಹೊಸ ಗೇಮಿಂಗ್ ಕಂಪ್ಯೂಟರಿನ ಪಟ್ಟಿ ಬರೆಯುವಾಗ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್ ಮೊದಲ ಸಾಲುಗಳಲ್ಲಿ ಬರುತ್ತವೆ. ಕ್ಯಾಬಿನೆಟ್ ಕೊನೆಯ ಸಾಲಿಗೆ ಬೀಳುತ್ತದೆ. ಬಜೆಟ್ಟಿನಲ್ಲಿ ಏನು ಉಳಿದಿದೆಯೋ ಅಷ್ಟಕ್ಕೆ ಸಿಕ್ಕಿದ್ದನ್ನು ತರುವವರು ಕೆಲವರು. ಗಾಜಿನ ಹೊದಿಕೆ, ಒಳಗೆ ಬಣ್ಣ ಬದಲಿಸುವ ದೀಪ ಕಂಡೊಡನೆ ಮನಸೋತು ಉಳಿದದ್ದನ್ನು ನೋಡದವರು ಇನ್ನು ಕೆಲವರು. ಬೆಂಗಳೂರಿನ ಒಣ ಕೋಣೆಯಲ್ಲಿ ಈ ಅಭ್ಯಾಸ ಹೇಗೋ ನಡೆದುಹೋಗುತ್ತದೆ. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆ ಎರಡು ಮಳೆಗಾಲ ಕಳೆಯುವುದರೊಳಗೆ ಅದರ ಬೆಲೆ ಗೊತ್ತಾಗುತ್ತದೆ.

ಮಡಿಕೇರಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿ. ವರ್ಷದ ಮಳೆ 3,000 ಮಿಲಿಮೀಟರ್ ದಾಟುತ್ತದೆ. ಭಾಗಮಂಡಲ, ತಲಕಾವೇರಿ ಕಡೆಗೆ ಇನ್ನೂ ಬಹಳ ಹೆಚ್ಚು. ಮಳೆಗಾಲದ ಕಕ್ಕಡ ತಿಂಗಳಲ್ಲಿ ದಿನಗಟ್ಟಲೆ ಬಿಸಿಲು ಕಾಣದು. ಕಪಾಟಿನ ಬಟ್ಟೆ, ಚರ್ಮದ ಬೆಲ್ಟು, ಪುಸ್ತಕದ ಬೆನ್ನು ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ. ಅದೇ ಕೋಣೆಯ ಅದೇ ಗಾಳಿಯನ್ನು ಕಂಪ್ಯೂಟರಿನ ಫ್ಯಾನುಗಳು ಗಂಟೆಗಟ್ಟಲೆ ಒಳಗೆಳೆಯುತ್ತವೆ. ಅರವತ್ತು, ಎಪ್ಪತ್ತು ಸಾವಿರ ರೂಪಾಯಿಯ ಸಾಮಾನಿಗೂ ಆ ಗಾಳಿಗೂ ನಡುವೆ ಇರುವುದು ಈ ತಗಡಿನ ಪೆಟ್ಟಿಗೆಯೊಂದೇ.

ಗೇಮಿಂಗ್ ಎಂದೊಡನೆ ಮೂಗು ಮುರಿಯುವ ಹಿರಿಯರೂ ಒಂದು ಮಾತು ಗಮನಿಸಬೇಕು. ಇದೇ ಯಂತ್ರದಲ್ಲಿ ಕುಶಾಲನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ತನ್ನ ಪ್ರಾಜೆಕ್ಟ್ ಮಾಡುತ್ತಾನೆ, ಹೋಂಸ್ಟೇ ನಡೆಸುವವರ ಮಗಳು ವಿಡಿಯೊ ಎಡಿಟ್ ಮಾಡುತ್ತಾಳೆ. ಒಳ್ಳೆಯ ಕ್ಯಾಬಿನೆಟ್‌ಗೆ ಕೊಟ್ಟ ಹಣ ಆಟಕ್ಕೆ ಸುರಿದ ಹಣ ಎಂದು ಕೊರಗಬೇಕಾಗಿಲ್ಲ.

ಮೊದಲು ಅಳತೆ

ಇಂಟೆಲ್ ಕಂಪನಿ 1995ರಲ್ಲಿ ಎಟಿಎಕ್ಸ್ ಎಂಬ ಅಳತೆಯ ಪದ್ಧತಿಯನ್ನು ತಂದಿತು. ಮದರ್‌ಬೋರ್ಡಿನ ಸ್ಕ್ರೂ ಎಲ್ಲಿ ಕೂರಬೇಕು, ಹಿಂಬದಿಯ ಕಿಂಡಿಗಳು ಎಲ್ಲಿರಬೇಕು ಎಂಬುದೆಲ್ಲ ಅಂದಿನಿಂದ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ಆದ್ದರಿಂದ ಪ್ರೊಸೆಸರ್ ಐದು ವರ್ಷಕ್ಕೆ ಹಳತಾದರೂ ಕ್ಯಾಬಿನೆಟ್ ಹಳತಾಗುವುದಿಲ್ಲ. ಇಂದು ಕೊಂಡ ಪೆಟ್ಟಿಗೆಯಲ್ಲಿ ಮುಂದಿನ ಎರಡು ಮೂರು ಮದರ್‌ಬೋರ್ಡುಗಳನ್ನು ಕೂರಿಸಬಹುದು. ಕ್ಯಾಬಿನೆಟ್ ಮೇಲೆ ಸಾವಿರ ರೂಪಾಯಿ ಹೆಚ್ಚು ಖರ್ಚು ಮಾಡುವುದು ತಪ್ಪಲ್ಲ ಎನ್ನಲು ಇದು ಮೊದಲ ಕಾರಣ.

ಪೂರ್ಣ ಎಟಿಎಕ್ಸ್ ಬೋರ್ಡಿನ ಅಳತೆ 305 ಮಿ.ಮೀ. ಉದ್ದ, 244 ಮಿ.ಮೀ. ಅಗಲ. ಮೈಕ್ರೊ ಎಟಿಎಕ್ಸ್ ಬೋರ್ಡು 244 ಮಿ.ಮೀ. ಚೌಕ. ಮಿನಿ ಐಟಿಎಕ್ಸ್ 170 ಮಿ.ಮೀ. ಚೌಕ, ಅದು ಪುಟ್ಟದಾದರೂ ಬೋರ್ಡಿಗೂ ಪೆಟ್ಟಿಗೆಗೂ ಬೆಲೆ ಹೆಚ್ಚು, ಹಾಗಾಗಿ ನಮ್ಮ ಲೆಕ್ಕದಿಂದ ಹೊರಗೆ. ಕಡಿಮೆ ಬಜೆಟ್ಟಿನ ಗೇಮಿಂಗ್‌ಗೆ ಬಹುತೇಕರು ತರುವುದು ಮೈಕ್ರೊ ಎಟಿಎಕ್ಸ್ ಬೋರ್ಡ್. ಅದಕ್ಕೆ ಮೈಕ್ರೊ ಎಟಿಎಕ್ಸ್ ಕ್ಯಾಬಿನೆಟ್ ಸಾಕು. ಬೆಲೆ ಕಡಿಮೆ, ಮೇಜಿನ ಮೇಲೆ ಜಾಗವೂ ಕಡಿಮೆ.

ಇನ್ನೆರಡು ಅಳತೆಗಳನ್ನು ಕೊಳ್ಳುವ ಮೊದಲೇ ಚೀಟಿಯಲ್ಲಿ ಬರೆದುಕೊಳ್ಳಿ. ಒಂದು, ಗ್ರಾಫಿಕ್ಸ್ ಕಾರ್ಡಿನ ಉದ್ದ. ಎರಡು ಫ್ಯಾನಿನ ಕಾರ್ಡುಗಳು ಹೆಚ್ಚಾಗಿ 200ರಿಂದ 250 ಮಿ.ಮೀ. ಇರುತ್ತವೆ, ಮೂರು ಫ್ಯಾನಿನವು 300 ದಾಟುವುದುಂಟು. ಕೆಲವು ಕ್ಯಾಬಿನೆಟ್‌ಗಳಲ್ಲಿ ಮುಂಬದಿಯ ಫ್ಯಾನ್ ಒಳಗೇ ಕೂರುತ್ತದೆ. ಆಗ ಅದರ 25 ಮಿ.ಮೀ. ದಪ್ಪವನ್ನೂ ಕಳೆದು ಲೆಕ್ಕ ಹಾಕಬೇಕು. ಎರಡನೆಯದು, ಪ್ರೊಸೆಸರ್ ಕೂಲರಿನ ಎತ್ತರ. ಎಎಂಡಿ ಪ್ರೊಸೆಸರ್ ಜೊತೆ ಬರುವ ಸಣ್ಣ ಕೂಲರ್ 54 ಮಿ.ಮೀ. ಎತ್ತರದ್ದು, ಎಲ್ಲ ಕಡೆ ಹಿಡಿಸುತ್ತದೆ. ಗೋಪುರದಂಥ ಕೂಲರುಗಳು 155 ಮಿ.ಮೀ. ಆಸುಪಾಸು ಇರುತ್ತವೆ. ಕಿರಿದಾದ ಪೆಟ್ಟಿಗೆ ತಂದರೆ ಪಕ್ಕದ ಬಾಗಿಲು ಮುಚ್ಚುವುದೇ ಇಲ್ಲ.

ತಂಪು ವರ, ತೇವ ಸವಾಲು

ರಾಯಚೂರು, ಕಲಬುರಗಿಯಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗಿನ ಗಾಳಿ 40 ಡಿಗ್ರಿ ದಾಟಿರುತ್ತದೆ. ಅಲ್ಲಿಯವರಿಗೆ ಐದಾರು ಫ್ಯಾನ್ ಬೇಕೆನಿಸಿದರೆ ಆಶ್ಚರ್ಯವಿಲ್ಲ. ಮಡಿಕೇರಿಯಲ್ಲಿ ಮಳೆಗಾಲದ ಹಗಲು 20 ಡಿಗ್ರಿಯ ಆಚೀಚೆ ಇರುತ್ತದೆ, ಬೇಸಿಗೆಯ ಬಿಸಿಯೂ ಹೆಚ್ಚಿನ ದಿನ 30ರೊಳಗೇ. ಈ ತಂಪು ನಮಗೆ ಪುಕ್ಕಟೆಯಾಗಿ ಸಿಕ್ಕಿದ ಕೂಲಿಂಗ್.

ಒಂದು ಲೆಕ್ಕ ನೋಡಿ. ಜನಪ್ರಿಯವಾದ ರೈಜನ್ 5 5600 ಪ್ರೊಸೆಸರಿನ ಶಾಖದ ಅಂದಾಜು 65 ವ್ಯಾಟ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡಿನದು 115 ವ್ಯಾಟ್. ಉಳಿದ ಭಾಗಗಳೂ ಸೇರಿ ಪೆಟ್ಟಿಗೆಯೊಳಗೆ 200ರಿಂದ 250 ವ್ಯಾಟ್ ಶಾಖ ಹುಟ್ಟುತ್ತದೆ. ನಿಮಿಷಕ್ಕೆ 50 ಘನ ಅಡಿ ಗಾಳಿ ಪೆಟ್ಟಿಗೆಯ ಮೂಲಕ ಹಾದುಹೋದರೆ ಆ ಗಾಳಿ ಬಿಸಿಯಾಗುವುದು ಎಂಟು ಹತ್ತು ಡಿಗ್ರಿಯಷ್ಟು ಮಾತ್ರ. ಎತ್ತರದ ಕಾರಣ ಮಡಿಕೇರಿಯ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಎಂಟರಲ್ಲಿ ಒಂದು ಪಾಲು ತೆಳು, ಶಾಖ ಹೊತ್ತೊಯ್ಯುವ ಶಕ್ತಿಯೂ ಅಷ್ಟೇ ಕಡಿಮೆ. ಆದರೆ ಒಳಗೆ ಬರುವ ಗಾಳಿಯೇ ಅಷ್ಟು ತಂಪಾಗಿರುವಾಗ ಆ ನಷ್ಟ ಲೆಕ್ಕಕ್ಕೆ ಬಾರದು. ಮುಂದೆ ಎರಡು, ಹಿಂದೆ ಒಂದು, ಹೀಗೆ 120 ಮಿ.ಮೀ.ನ ಮೂರು ಫ್ಯಾನ್ ಕೊಡಗಿಗೆ ಧಾರಾಳ. ಅದಕ್ಕಿಂತ ಹೆಚ್ಚಿನ ಫ್ಯಾನಿಗೆ ಹಣ ಕೊಡಬೇಕಾಗಿಲ್ಲ.

ತೇವದ ವಿಷಯ ಬೇರೆ. ಬೂಷ್ಟು ಬೆಳೆಯಲು ಸಾಮಾನ್ಯವಾಗಿ ಗಾಳಿಯ ತೇವಾಂಶ ಶೇ 70ರ ಮೇಲಿರಬೇಕು. ಮಳೆಗಾಲದ ಕೋಣೆಯಲ್ಲಿ 20 ಡಿಗ್ರಿ ತಾಪವೂ ಶೇ 95 ತೇವಾಂಶವೂ ಇದೆ ಎಂದುಕೊಳ್ಳಿ. ಆ ಗಾಳಿ ಓಡುತ್ತಿರುವ ಕಂಪ್ಯೂಟರಿನೊಳಗೆ 27 ಡಿಗ್ರಿಗೆ ಏರಿತೆಂದರೆ ತೇವಾಂಶ ತಾನಾಗಿಯೇ ಶೇ 62ರ ಸುತ್ತ ಇಳಿಯುತ್ತದೆ. ನೀರಿನಂಶ ಅಷ್ಟೇ ಇದ್ದರೂ ಬಿಸಿ ಗಾಳಿ ಅದನ್ನು ಹಿಡಿದಿಟ್ಟುಕೊಳ್ಳುವುದರಿಂದ ಲೋಹದ ಮೇಲೆ ಕೂರುವುದಿಲ್ಲ. ಅಂದರೆ ಓಡುತ್ತಿರುವ ಕಂಪ್ಯೂಟರ್ ತನ್ನನ್ನು ತಾನೇ ಒಣಗಿಸಿಕೊಳ್ಳುತ್ತದೆ. ಕೆಡುವುದು ಹೆಚ್ಚಾಗಿ ಮಳೆಗಾಲವಿಡೀ ಮುಚ್ಚಿಟ್ಟ ಯಂತ್ರ. ಹಾಸ್ಟೆಲ್‌ಗೆ ಹೋದ ಮಗನ ಕಂಪ್ಯೂಟರನ್ನು ಪ್ಲಾಸ್ಟಿಕ್ ಹೊದಿಸಿ ಮೂಲೆಗಿಟ್ಟರೆ ಒಳಗಿನ ತೇವ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಹೊದಿಕೆ ತೆಗೆದು ದಿನಕ್ಕೊಂದು ಗಂಟೆ ಓಡಿಸುವುದೇ ಸರಿ.

ಹೀಗೆ ಒಣಗಲು ಗಾಳಿ ಸಲೀಸಾಗಿ ಓಡಾಡಬೇಕು. ಮುಂಬದಿ ಪೂರ್ತಿ ಗಾಜಿನದೋ ಗಟ್ಟಿ ಪ್ಲಾಸ್ಟಿಕ್ಕಿನದೋ ಆದರೆ ಪಕ್ಕದ ಸಣ್ಣ ಸೀಳುಗಳಿಂದಷ್ಟೇ ಗಾಳಿ ಬರಬೇಕು. ಕೆಲವು ವರ್ಷಗಳ ಹಿಂದೆ ಅಂಥ ಪೆಟ್ಟಿಗೆಗಳೇ ಹೆಚ್ಚು ಮಾರಾಟವಾಗುತ್ತಿದ್ದವು. ಡೀಪ್‌ಕೂಲ್‌ನ ಮ್ಯಾಟ್ರೆಕ್ಸ್ 55 ಮೊದಲು ಗಾಜಿನ ಮುಖದೊಂದಿಗೆ ಬಂತು. ಬಳಿಕ ಅದೇ ಕಂಪನಿ ಜಾಲರಿ ಮುಖದ ಮ್ಯಾಟ್ರೆಕ್ಸ್ 55 ಮೆಶ್ ತಂದಿತು. ಕೋರ್ಸೇರ್ 2020ರಲ್ಲಿ 4000ಡಿ ಕ್ಯಾಬಿನೆಟ್ ತಂದಾಗ ಜಾಲರಿಯ ಮಾದರಿಗೆ ಏರ್‌ಫ್ಲೋ ಎಂದೇ ಹೆಸರಿಟ್ಟಿತು. ಈಗ ಕಡಿಮೆ ಬೆಲೆಯಲ್ಲೂ ಜಾಲರಿ ಮುಖದವು ಬೇಕಾದಷ್ಟಿವೆ. ಕೊಡಗಿನವರು ಅದರಿಂದಾಚೆಗೆ ನೋಡುವ ಅಗತ್ಯವಿಲ್ಲ.

ದೀಪಕ್ಕೆ ಬರುವ ಮಳೆಹುಳು

ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲುಗಳು ದೀಪ ಕಂಡಲ್ಲಿಗೆ ಮುತ್ತುತ್ತವೆ. ಮನೆಯವರೆಲ್ಲ ದೀಪ ಆರಿಸಿ ಕೂತರೂ ಮಗನ ಕೋಣೆಯ ಕ್ಯಾಬಿನೆಟ್ ಕೆಂಪು, ನೀಲಿ, ಹಸಿರು ಬೆಳಗುತ್ತಲೇ ಇರುತ್ತದೆ. ಹುಳು ಅಲ್ಲಿಗೇ ಹೋಗುತ್ತದೆ, ಮುಂದಿನ ಫ್ಯಾನ್ ಅದನ್ನು ಒಳಗೆಳೆಯುತ್ತದೆ. ಮರುದಿನ ಬೆಳಿಗ್ಗೆ ಮುಂಬದಿಯ ಹೊದಿಕೆ ಬಿಚ್ಚಿ ನೋಡಿದರೆ ಜಾಲರಿಗೆ ಒತ್ತಾಗಿ ಅಂಟಿದ ಪಾರದರ್ಶಕ ರೆಕ್ಕೆಗಳ ಪದರ, ಜಾಲರಿ ಇಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡಿನ ಅಲ್ಯೂಮಿನಿಯಂ ಎಸಳುಗಳ ನಡುವೆ ಸಿಕ್ಕಿದ ಹುಳುಗಳು. ತೇವಕ್ಕೆ ಅವು ಕೊಳೆತು ಅಂಟಾಗುತ್ತವೆ, ಮೇಲೆ ದೂಳು ಕೂರುತ್ತದೆ, ಆ ದಾರಿಯಲ್ಲಿ ಗಾಳಿ ಹೋಗುವುದೇ ಇಲ್ಲ.

ದೀಪ ಬೇಡವೇ ಬೇಡ ಎಂದಲ್ಲ. ದೀಪವಿದ್ದರೆ ಅದನ್ನು ಆರಿಸುವ ಬಟನ್ ಕ್ಯಾಬಿನೆಟ್ ಮೇಲೆಯೇ ಇರಲಿ. ಕೆಲವು ಅಗ್ಗದ ಮಾದರಿಗಳಲ್ಲಿ ಫ್ಯಾನ್ ತಿರುಗಿದರೆ ದೀಪವೂ ಉರಿಯುತ್ತದೆ, ಬೇರೆ ಮಾಡಲಾಗದು. ಅಂಥದ್ದು ತೋಟದ ಮನೆಗೆ ಸಲ್ಲ.

ಹುಳು ತಡೆಯುವುದು ಫಿಲ್ಟರ್. ಮುಂದೆ, ಮೇಲೆ, ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಕೆಳಗೆ, ಹೀಗೆ ಮೂರು ಕಡೆ ತೆಗೆದು ತೊಳೆಯಬಹುದಾದ ನಯವಾದ ಜಾಲರಿ ಇರಬೇಕು. ಅಯಸ್ಕಾಂತದಿಂದ ಅಂಟಿಕೊಳ್ಳುವ ಫಿಲ್ಟರ್ ಆದರೆ ಒಳ್ಳೆಯದು. ಸ್ಕ್ರೂ ಬಿಚ್ಚಿ ತೆಗೆಯಬೇಕಾದ ಫಿಲ್ಟರನ್ನು ಯಾರೂ ತೊಳೆಯುವುದಿಲ್ಲ. ಒಳಗೆಳೆಯುವ ಫ್ಯಾನ್ ಎರಡು, ಹೊರಗೆ ತಳ್ಳುವುದು ಒಂದು ಇದ್ದರೆ ಪೆಟ್ಟಿಗೆಯೊಳಗೆ ಗಾಳಿಯ ಒತ್ತಡ ತುಸು ಹೆಚ್ಚಿರುತ್ತದೆ. ಆಗ ಸಂದುಗಳಿಂದ ಗಾಳಿ ಹೊರಕ್ಕೆ ಸೋರುತ್ತದೆ, ದೂಳು ಒಳಕ್ಕೆ ನುಗ್ಗುವುದಿಲ್ಲ. ಡಿಸೆಂಬರಿನಿಂದ ಫೆಬ್ರುವರಿವರೆಗೆ ಕಣದಲ್ಲಿ ಕಾಫಿ ಒಣಗುವ ಮನೆಗಳಿಗೂ ಕಾಫಿ ಕ್ಯೂರಿಂಗ್ ಘಟಕಗಳಿರುವ ಕುಶಾಲನಗರ ಕಡೆಯವರಿಗೂ ಈ ದೂಳುತಡೆ ಮಳೆಗಾಲದ ಹುಳುತಡೆಯಷ್ಟೇ ಮುಖ್ಯ.

ಹಿಂಬದಿಯನ್ನು ಮರೆಯಬೇಡಿ. ವಿಸ್ತರಣೆ ಕಾರ್ಡುಗಳಿಗೆಂದು ಇರುವ ಉದ್ದ ಕಿಂಡಿಗಳಿಗೆ ಅಗ್ಗದ ಪೆಟ್ಟಿಗೆಗಳಲ್ಲಿ ಮುರಿದು ತೆಗೆಯುವ ತಗಡು ಇರುತ್ತದೆ. ಒಮ್ಮೆ ಮುರಿದರೆ ಮತ್ತೆ ಮುಚ್ಚಲಾಗದು. ಆ ಕಿಂಡಿಯಿಂದ ಜಿರಳೆ, ಹಲ್ಲಿ, ಇರುವೆ ಒಳಹೊಗುತ್ತವೆ. ಕುಂಬಾರ ಹುಳು ಬಳಸದ ಯುಎಸ್‌ಬಿ ತೂತನ್ನೂ ಬಿಡದೆ ಮಣ್ಣಿನ ಗೂಡು ಕಟ್ಟುತ್ತದೆ. ಸ್ಕ್ರೂ ಹಾಕಿ ಮುಚ್ಚುವ ತಗಡಿರುವ ಪೆಟ್ಟಿಗೆಯನ್ನೇ ಕೇಳಿ ಪಡೆಯಿರಿ.

ಅಂಗಡಿಯಲ್ಲಿ ಕೈಯಿಂದ ನೋಡುವುದು

ಚಿತ್ರ ನೋಡಿ ತಿಳಿಯದ ಹಲವು ಸಂಗತಿಗಳು ಪೆಟ್ಟಿಗೆಯನ್ನು ಮುಟ್ಟಿದರೆ ತಿಳಿಯುತ್ತವೆ. ಪಕ್ಕದ ತಗಡಿನ ಬಾಗಿಲು ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ತಿರುಚಿ. ಹಪ್ಪಳದಂತೆ ಬಳುಕಿದರೆ ಅದು ಅರ್ಧ ಮಿಲಿಮೀಟರಿಗಿಂತ ತೆಳು ತಗಡು. ಫ್ಯಾನ್ ತಿರುಗಿದಾಗ ಗುಂಯ್‌ಗುಡುತ್ತದೆ. ಒಳಗಿನ ಚೌಕಟ್ಟಿನ ಅಂಚಿನ ಮೇಲೆ ಬೆರಳಾಡಿಸಿ. ಮಡಚದೆ ಕತ್ತರಿಸಿ ಬಿಟ್ಟ ಅಂಚಾದರೆ ಕೈ ಕೊಯ್ಯುತ್ತದೆ, ಜೊತೆಗೆ ಬಣ್ಣ ನಿಲ್ಲದೆ ತುಕ್ಕು ಮೊದಲು ಅಲ್ಲೇ ಹಿಡಿಯುತ್ತದೆ.

ತಾಂತ್ರಿಕ ವಿವರದಲ್ಲಿ ಎಸ್‌ಪಿಸಿಸಿ, ಎಸ್‌ಜಿಸಿಸಿ ಎಂಬ ಅಕ್ಷರಗಳು ಕಾಣುತ್ತವೆ. ಮೊದಲನೆಯದು ಬರಿಯ ಉಕ್ಕಿನ ತಗಡು. ಬಣ್ಣವೇ ಅದರ ರಕ್ಷಣೆ. ಎರಡನೆಯದು ಸತುವಿನ ಲೇಪವಿರುವ ಉಕ್ಕು. ಗೀರು ಬಿದ್ದರೂ ಬೇಗ ತುಕ್ಕು ಹಿಡಿಯದು. ಮಳೆಸೀಮೆಗೆ ಎರಡನೆಯದು ಸಿಕ್ಕರೆ ಬಿಡಬೇಡಿ. ಮೊದಲನೆಯದೇ ಆದರೆ ಒಳಗೂ ಹೊರಗೂ ಪೂರ್ತಿ ಬಣ್ಣ ಹೊಡೆದಿದೆಯೇ ನೋಡಿ. ಗೀರು ಬಿದ್ದಲ್ಲಿ ಒಂದು ಹನಿ ನೇಲ್ ಪಾಲಿಶ್ ಹಚ್ಚಿದರೂ ಪ್ರಯೋಜನವಾಗುತ್ತದೆ.

ಕೊನೆಗೆ ಪೆಟ್ಟಿಗೆಯ ಕಾಲು ನೋಡಿ. ಎಸ್‌ಎಂಪಿಎಸ್ ಈಗ ಕೆಳಗೆ ಕೂರುತ್ತದೆ, ಕೆಳಗಿನಿಂದಲೇ ಗಾಳಿ ಎಳೆಯುತ್ತದೆ. ಕಾಲು ಕನಿಷ್ಠ ಎರಡು ಸೆಂಟಿಮೀಟರ್ ಎತ್ತರವಿರಲಿ. ಅಷ್ಟಿದ್ದರೂ ನೆಲದ ಮೇಲಿಡಬೇಡಿ. ಮಳೆಗಾಲದಲ್ಲಿ ನೆಲ ಬೆವರುತ್ತದೆ, ಒರೆಸುವ ಬಟ್ಟೆಯ ನೀರು ತಾಗುತ್ತದೆ. 2018 ಮತ್ತು 2019ರ ಆಗಸ್ಟಿನಲ್ಲಿ ಕುಶಾಲನಗರದ ಕಾವೇರಿ ದಡದ ಬಡಾವಣೆಗಳಲ್ಲಿ ಮನೆಯೊಳಕ್ಕೇ ನೀರು ನುಗ್ಗಿತ್ತು. ಮರದ ಸ್ಟೂಲ್ ಮೇಲೋ ಮೇಜಿನ ಮೇಲೋ ಇಡುವುದು ನಮ್ಮಲ್ಲಿ ನಿಯಮವಾಗಬೇಕು.

ಮುಟ್ಟಿದರೆ ಜುಮ್ಮೆಂದರೆ

ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಬೆರಳು ಜುಮ್ಮೆನ್ನುವುದು ಹಳೆಯ ವೈರಿಂಗಿನ ತೋಟದ ಮನೆಗಳಲ್ಲಿ ಹೊಸತಲ್ಲ. ಅನೇಕರು ಕ್ಯಾಬಿನೆಟ್ ಸರಿಯಿಲ್ಲ ಎಂದು ಅಂಗಡಿಗೆ ಹಿಂತಿರುಗಿಸಲು ಹೋಗುತ್ತಾರೆ. ದೋಷ ಸಾಮಾನ್ಯವಾಗಿ ಮನೆಯ ಅರ್ಥಿಂಗ್‌ನದು. ವಿದ್ಯುತ್ತಿನ ಗದ್ದಲ ಸೋಸಲು ಎಸ್‌ಎಂಪಿಎಸ್ ಒಳಗೆ ಫೇಸ್, ನ್ಯೂಟ್ರಲ್ ಎರಡರಿಂದಲೂ ಲೋಹದ ಕವಚಕ್ಕೆ ಪುಟ್ಟ ಕೆಪಾಸಿಟರುಗಳನ್ನು ಜೋಡಿಸಿರುತ್ತಾರೆ. ಅರ್ಥಿಂಗ್ ಇದ್ದರೆ ಅಲ್ಲಿ ಸೋರುವ ಅತಿ ಸಣ್ಣ ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ಇಲ್ಲದಿದ್ದರೆ ಇಡೀ ಕ್ಯಾಬಿನೆಟ್ ಮನೆಯ ವೋಲ್ಟೇಜಿನ ಅರ್ಧದಷ್ಟಕ್ಕೆ ಏರಿ ನಿಲ್ಲುತ್ತದೆ. ಸೋರುವ ಕರೆಂಟು ತೀರ ಕಡಿಮೆಯಾದ್ದರಿಂದ ಜುಮ್ಮೆಂದು ಬಿಡುತ್ತದೆ, ಆದರೆ ಎಸ್‌ಎಂಪಿಎಸ್ ಕೆಟ್ಟ ದಿನ ಅದೇ ತಗಡು ಜೀವಕ್ಕೆ ಎರವಾದೀತು.

ಕ್ಯಾಬಿನೆಟ್ ಮನೆಗೆ ಬರುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಮೂರು ಪಿನ್ ಸಾಕೆಟ್ ಮತ್ತು ಅರ್ಥಿಂಗ್ ಪರೀಕ್ಷಿಸಿ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ನೀರು ಹಾಕಿ. ಮಾರ್ಚ್, ಏಪ್ರಿಲ್‌ನ ಕಾಫಿ ಅರಳಿಸುವ ಹೂಮಳೆ ಗುಡುಗು ಸಿಡಿಲು ಹೊತ್ತು ತರುತ್ತದೆ. ಆಕಾಶ ಕಪ್ಪಾದೊಡನೆ ಪ್ಲಗ್ಗನ್ನೂ ಇಂಟರ್ನೆಟ್ ವೈರನ್ನೂ ಕಿತ್ತಿಡಿ.

ಎಷ್ಟು ಹಣ, ಎಲ್ಲಿಂದ

ಎರಡು ಸಾವಿರದೊಳಗಿನ ಗೇಮಿಂಗ್ ಪೆಟ್ಟಿಗೆಗಳಲ್ಲಿ ತಗಡು, ಫಿಲ್ಟರ್, ಕಿಂಡಿ ಮುಚ್ಚಳ ಮೂರರಲ್ಲೂ ಕೈ ಕಚ್ಚುತ್ತದೆ. ಸುಮಾರು ಮೂರರಿಂದ ಐದು ಸಾವಿರ ರೂಪಾಯಿಯಲ್ಲಿ ಮೇಲೆ ಹೇಳಿದ ಹೆಚ್ಚಿನ ಗುಣಗಳು ಸಿಗುತ್ತವೆ. ಅದಕ್ಕೂ ಮೇಲೆ ಕೊಡುವ ಹಣ ಹೆಚ್ಚಾಗಿ ಅಂದಕ್ಕೆ. ಆ್ಯಂಟ್ ಇಸ್ಪೋರ್ಟ್ಸ್, ಡೀಪ್‌ಕೂಲ್, ಕೂಲರ್ ಮಾಸ್ಟರ್ ಮುಂತಾದವರ ಮಾದರಿಗಳು ಈ ವಲಯದಲ್ಲಿ ಕಾಣುತ್ತವೆ. ಡೀಪ್‌ಕೂಲ್ ಸಿಸಿ560 ಜಾಲರಿ ಮುಖದೊಂದಿಗೆ ನಾಲ್ಕು ಫ್ಯಾನ್ ಕೂರಿಸಿಕೊಂಡೇ ಬರುತ್ತದೆ. ಕೂಲರ್ ಮಾಸ್ಟರ್‌ನ ಕ್ಯೂ300ಎಲ್ ಮೈಕ್ರೊ ಎಟಿಎಕ್ಸ್ ಪೆಟ್ಟಿಗೆ. ಅಯಸ್ಕಾಂತದ ಫಿಲ್ಟರುಗಳಿವೆ, ಬಾಗಿಲು ಗಾಜಿನ ಬದಲು ಅಕ್ರಿಲಿಕ್‌ನದು, ಆದರೆ ಬರುವ ಫ್ಯಾನ್ ಒಂದೇ. ಫ್ಯಾನ್ ಜೊತೆಗೆ ಬರದಿದ್ದರೆ ಅವುಗಳ ಬೆಲೆ ಸೇರಿಸಿಯೇ ಹೋಲಿಸಿ.

ಹಳೆಯ ಅಸೆಂಬಲ್ಡ್ ಕಂಪ್ಯೂಟರುಗಳಂತೆ ಎಸ್‌ಎಂಪಿಎಸ್ ಸಮೇತ ಸಿಗುವ ಕ್ಯಾಬಿನೆಟ್ ಕೊಳ್ಳಬೇಡಿ. ಅದರ ಮೇಲೆ 450 ವ್ಯಾಟ್ ಎಂದು ಬರೆದಿದ್ದರೂ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಕನೆಕ್ಟರ್ ಇರುವುದಿಲ್ಲ, ಇದ್ದರೂ ಭಾರ ತಾಳುವ ಖಾತರಿಯಿಲ್ಲ. ಗಾಜು, ದೀಪದಲ್ಲಿ ಉಳಿಸಿದ ಹಣವನ್ನು ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕಿ.

ಕೊಡಗಿಗೆ ರೈಲಿಲ್ಲ. ಆನ್‌ಲೈನ್‌ನಲ್ಲಿ ಕೊಂಡದ್ದಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡದ್ದಾಗಲಿ ಲಾರಿಯಲ್ಲೋ ಬಸ್ಸಿನಲ್ಲೋ ಬರಬೇಕು. ಮಳೆಗಾಲದಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದುಂಟು. 2018ರ ಆಗಸ್ಟಿನಲ್ಲಿ ಸಂಪಾಜೆ ಘಟ್ಟದ ರಸ್ತೆ ಕಡಿದುಹೋಗಿ ಮಡಿಕೇರಿ ಮಂಗಳೂರು ಸಂಪರ್ಕವೇ ನಿಂತಿತ್ತು. ದೊಡ್ಡ ಗಾಜಿನ ಬಾಗಿಲಿನ ಪೆಟ್ಟಿಗೆ ದಾರಿಯಲ್ಲಿ ಒಡೆದು ಬಂದರೆ ಪೇಟೆಯಿಂದ ದೂರದ ತೋಟದ ಮನೆಯಿಂದ ಅದನ್ನು ವಾಪಸ್ ಕಳಿಸುವುದು ದೊಡ್ಡ ತಾಪತ್ರಯ. ಮಡಿಕೇರಿ, ಗೋಣಿಕೊಪ್ಪ, ವಿರಾಜಪೇಟೆ, ಕುಶಾಲನಗರದ ಕಂಪ್ಯೂಟರ್ ಅಂಗಡಿಯವರ ಮೂಲಕ ತರಿಸಿದರೆ ಇನ್ನೂರು ಮುನ್ನೂರು ಹೆಚ್ಚಾದೀತು. ಆದರೆ ಒಡೆದು ಬಂದದ್ದಕ್ಕೆ ಕೇಳುವವರಿರುತ್ತಾರೆ, ನಾಳೆ ರಿಪೇರಿಗೂ ಅವರೇ ಬೇಕು. ‘ಅಣ್ಣಾ, ಲೈಟ್ ಬೇಡ, ಮುಂದೆ ಜಾಲರಿ ಇರೋದು, ಫಿಲ್ಟರ್ ಕಳಚೋಕೆ ಬರೋದು ತರಿಸಿಕೊಡಿ’ ಎಂದು ಹೇಳಿದರೆ ಅಂಗಡಿಯವರಿಗೆ ಬೇಕಾದ್ದು ಗೊತ್ತಾಗುತ್ತದೆ.

ಜೋಡಿಸಿದ ಕಂಪ್ಯೂಟರನ್ನು ಮೈಸೂರಿನಿಂದ ಕಾರಿನಲ್ಲಿ ತರುವುದಾದರೆ ಗ್ರಾಫಿಕ್ಸ್ ಕಾರ್ಡನ್ನು ಬಿಚ್ಚಿ ಅದರ ಡಬ್ಬಿಯಲ್ಲಿಟ್ಟು ತನ್ನಿ. ನಿಲ್ಲಿಸಿದ ಪೆಟ್ಟಿಗೆಯಲ್ಲಿ ಆ ಭಾರವಾದ ಕಾರ್ಡು ಅಡ್ಡಲಾಗಿ ನೇತಾಡುತ್ತಿರುತ್ತದೆ; ಹೊಂಡ ತಿರುವುಗಳ ಕುಲುಕಾಟಕ್ಕೆ ಮದರ್‌ಬೋರ್ಡಿನ ಸ್ಲಾಟೇ ಮುರಿಯಬಹುದು. ಬಿಚ್ಚಲು ಬಾರದಿದ್ದರೆ ಮದರ್‌ಬೋರ್ಡು ನೆಲಕ್ಕೆ ಸಮನಾಗಿ, ಕಾರ್ಡು ನೆಟ್ಟಗೆ ನಿಲ್ಲುವಂತೆ ಪೆಟ್ಟಿಗೆಯನ್ನು ಮಲಗಿಸಿ.

ಹಳೆಯದೂ ಆದೀತು

ಕೈಯಲ್ಲಿ ಹಣವಿಲ್ಲದವರು ಮನೆಯ ಹಳೆಯ ಕ್ಯಾಬಿನೆಟ್ ಎಸೆಯುವ ಮುನ್ನ ಅಳೆದು ನೋಡಲಿ. ಎಟಿಎಕ್ಸ್ ಪದ್ಧತಿಯದಾದರೆ ಹೊಸ ಬೋರ್ಡ್ ಕೂರುತ್ತದೆ, ಹಳೆಯ ತಗಡು ಹೊಸದಕ್ಕಿಂತ ದಪ್ಪವೂ ಇರಬಹುದು. ಹಾರ್ಡ್ ಡಿಸ್ಕಿನ ಗೂಡು ಗ್ರಾಫಿಕ್ಸ್ ಕಾರ್ಡಿಗೆ ಅಡ್ಡ ಬಂದರೆ ರಿವೆಟ್ ಕೊರೆದು ತೆಗೆಸಬಹುದು. ಮುಂದೆ ಗಾಳಿ ಬರುವಂತೆ ತೂತು ಮಾಡಿಸಿ, ನಯವಾದ ಸೊಳ್ಳೆ ಜಾಲರಿ ಅಂಟಿಸಿ, ಎರಡು 120 ಮಿ.ಮೀ. ಫ್ಯಾನ್ ಹಾಕಿದರೆ ಕಡಿಮೆ ಖರ್ಚಿನಲ್ಲಿ ಕೆಲಸ ಮುಗಿಯುತ್ತದೆ.

ಹೊಸದಿರಲಿ ಹಳೆಯದಿರಲಿ, ವರ್ಷಕ್ಕೆ ಎರಡು ಸಲ ಬಾಗಿಲು ಬಿಚ್ಚಿ ಶುಚಿ ಮಾಡಿ. ಮುಂಗಾರಿಗೆ ಮುನ್ನ ಮೇ ತಿಂಗಳಲ್ಲೊಮ್ಮೆ, ಮಳೆ ತಗ್ಗುವ ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಆಯುಧಗಳನ್ನು ಒರೆಸಿಡುವ ಹೊತ್ತಿಗೆ ಇನ್ನೊಮ್ಮೆ. ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ.

ಕೊಡಗಿನಲ್ಲಿ ಮೂರೂವರೆ, ನಾಲ್ಕು ಸಾವಿರದ ಜಾಲರಿ ಮುಖದ, ತೊಳೆಯಬಹುದಾದ ಫಿಲ್ಟರಿರುವ, ಸ್ಕ್ರೂ ಮುಚ್ಚಳದ, ತಗಡಿನ ಬಾಗಿಲಿನ ಮೈಕ್ರೊ ಎಟಿಎಕ್ಸ್ ಕ್ಯಾಬಿನೆಟ್ ಎಂಟು ಸಾವಿರದ ಗಾಜಿನ ಪೆಟ್ಟಿಗೆಗಿಂತ ಮೇಲು. ಮಕ್ಕಳು ಪಟ್ಟಿ ಬರೆಯುವಾಗ ಕ್ಯಾಬಿನೆಟ್ಟನ್ನೂ ಮೇಲಿನ ಸಾಲಿಗೆ ತರಲಿ, ಅಪ್ಪ ಅಮ್ಮಂದಿರು ಆ ಒಂದು ಸಾವಿರಕ್ಕೆ ಚೌಕಾಸಿ ಮಾಡದಿರಲಿ.